ಬಾಂಬ್ ಮೇಲೆ ಕೂತ ನಾಯಕರು: ಶೀತಲ ಸಮರದ ವ್ಯಂಗ್ಯಚಿತ್ರ ಓದುವುದು ಹೇಗೆ?

ಇಬ್ಬರು ನಾಯಕರು ಪಂಜ ಕುಸ್ತಿ ಆಡುತ್ತಿದ್ದಾರೆ. ಇಬ್ಬರೂ ಒಂದೊಂದು ಹೈಡ್ರೋಜನ್ ಬಾಂಬ್ ಮೇಲೆ ಕೂತಿದ್ದಾರೆ. ಮೈಯೆಲ್ಲ ಬೆವರು. ಈ ಚಿತ್ರ ತೋರಿಸಿ "ಇದಕ್ಕೆ ಏನಂತ ಬರೆಯಬೇಕು?" ಎಂದು ಕೇಳುವವರು ತುಂಬಾ ಜನ. ಇತಿಹಾಸ, ರಾಜ್ಯಶಾಸ್ತ್ರ ಓದುವವರು ಕೇಳುತ್ತಾರೆ, ಪಾಠ ಮಾಡುವವರೂ ಕೇಳುತ್ತಾರೆ. ಹೆಚ್ಚಿನವರು ಬರೆದು ತರುವ ಉತ್ತರ ಒಂದೇ: "ಇದು ಶೀತಲ ಸಮರದ ಉದ್ವಿಗ್ನತೆಯನ್ನು ಬಿಂಬಿಸುತ್ತದೆ."

ತಪ್ಪೇನಿಲ್ಲ. ಆದರೆ ಈ ಸಾಲನ್ನು 1947ರ ಚಿತ್ರಕ್ಕೂ ಬರೆಯಬಹುದು, 1983ರ ಚಿತ್ರಕ್ಕೂ ಬರೆಯಬಹುದು. ಎಲ್ಲದಕ್ಕೂ ಹೊಂದುವ ಉತ್ತರ ಯಾವ ಚಿತ್ರದ ಬಗ್ಗೆಯೂ ಏನೂ ಹೇಳುವುದಿಲ್ಲ, ಅಲ್ವಾ? ಪತ್ರಿಕೆಯ ವ್ಯಂಗ್ಯಚಿತ್ರ ಒಂದು ದಿನಕ್ಕಾಗಿ, ಒಂದು ಊರಿನ ಓದುಗರಿಗಾಗಿ ಬರೆದದ್ದು. ಆ ದಿನ, ಆ ಓದುಗರು ಯಾರು ಅಂತ ಹಿಡಿದರೆ ಅರ್ಧ ಕೆಲಸ ಮುಗಿದಂತೆ. ಕೆಳಗಿನ ಹಂತಗಳೆಲ್ಲ ಅದಕ್ಕೇ. ಉದಾಹರಣೆಗೆ 1962ರ ಅಕ್ಟೋಬರ್ ತಿಂಗಳ ಕ್ಯೂಬಾ ಕ್ಷಿಪಣಿ ಬಿಕ್ಕಟ್ಟನ್ನೇ ಇಟ್ಟುಕೊಳ್ಳೋಣ. ಅದರ ಬಗ್ಗೆ ಒಳ್ಳೊಳ್ಳೆ ಚಿತ್ರಗಳಿವೆ, ದಿನದಿನದ ಲೆಕ್ಕವೂ ಸಿಗುತ್ತದೆ.

ಮೊದಲು ಏನೇನು ಬೇಕು

ಚಿತ್ರದ ದೊಡ್ಡ, ಸ್ಪಷ್ಟ ಪ್ರತಿ ಬೇಕು. ವಾಟ್ಸ್ಆ್ಯಪ್‌ನಲ್ಲಿ ಹತ್ತು ಕೈ ದಾಟಿ ಬಂದ ಮಸುಕು ಚಿತ್ರ ಬೇಡ. ಅದರಲ್ಲಿ ಮೂಲೆಯ ಸಹಿ, ಪೆಟ್ಟಿಗೆಯ ಮೇಲಿನ ಸಣ್ಣ ಅಕ್ಷರ ಎಲ್ಲ ಹೋಗಿರುತ್ತವೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನ ಜಾಲತಾಣದಲ್ಲಿ ಹರ್ಬ್ಲಾಕ್ ಎಂಬ ಹೆಸರಿನಿಂದ ಬರೆಯುತ್ತಿದ್ದ ಹರ್ಬರ್ಟ್ ಬ್ಲಾಕ್ ಅವರ ಚಿತ್ರಗಳಿವೆ. ಇಂಗ್ಲೆಂಡಿನ ಕೆಂಟ್ ವಿಶ್ವವಿದ್ಯಾಲಯದಲ್ಲಿ ಬ್ರಿಟಿಷ್ ಕಾರ್ಟೂನ್ ಆರ್ಕೈವ್ ಇದೆ. ವೇಲ್ಸ್‌ನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಲೆಸ್ಲಿ ಇಲ್ಲಿಂಗ್‌ವರ್ತ್ ಅವರ ಸಂಗ್ರಹವಿದೆ. ಬೆವರು ಸುರಿಸುವ ಆ ಪಂಜ ಕುಸ್ತಿಯ ಚಿತ್ರ ಅವರದೇ. ವ್ಯಂಗ್ಯಚಿತ್ರದ ಗೆರೆ ಹೇಗಿರುತ್ತದೆ ಅಂತ ಕಣ್ಣಾರೆ ನೋಡಬೇಕು ಅನ್ನುವವರಿಗೆ ಬೆಂಗಳೂರಿನ ಎಂ.ಜಿ. ರಸ್ತೆಯ ಹತ್ತಿರ ಭಾರತೀಯ ವ್ಯಂಗ್ಯಚಿತ್ರಕಾರರ ಸಂಸ್ಥೆಯ ಗ್ಯಾಲರಿ ಇದೆ.

ಜೊತೆಗೆ ಒಂದು ಹಾಳೆ, ಪೆನ್ಸಿಲ್. ಘಟನೆಯ ದಿನಾಂಕಗಳ ಪಟ್ಟಿ. ಅಷ್ಟು ಸಾಕು.

ನಾಲ್ಕು ಮಾತುಗಳು ಪದೇ ಪದೇ ಬರುತ್ತವೆ, ಈಗಲೇ ತಿಳಿದುಕೊಳ್ಳಿ. *ಶೀತಲ ಸಮರ* ಅಂದರೆ ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕ ಮತ್ತು ಸೋವಿಯತ್ ಒಕ್ಕೂಟ ನೇರವಾಗಿ ಯುದ್ಧ ಮಾಡದೆ ನಡೆಸಿದ ಪೈಪೋಟಿ. ಅದು 1991ರವರೆಗೂ ನಡೆಯಿತು. *ಡಿಟೆರೆನ್ಸ್* ಅಂದರೆ "ನೀನು ಹೊಡೆದರೆ ನಾನೂ ಹೊಡೆಯುತ್ತೇನೆ" ಎಂಬ ಹೆದರಿಕೆಯಿಂದ ಎದುರಾಳಿಯನ್ನು ತಡೆಯುವುದು. ಇದೇ ತುದಿಗೆ ಹೋದಾಗ, ಯಾರು ಮೊದಲು ಹೊಡೆದರೂ ಇಬ್ಬರೂ ನಾಶವಾಗುತ್ತಾರೆ ಎಂಬ ಸ್ಥಿತಿ ಬರುತ್ತದೆ. ಅದಕ್ಕೆ *ಮ್ಯಾಡ್* (ಮ್ಯೂಚುಯಲಿ ಅಶ್ಯೂರ್ಡ್ ಡಿಸ್ಟ್ರಕ್ಷನ್) ಎಂದು ಹೆಸರು. *ಕ್ಯಾರಿಕೇಚರ್* ಅಂದರೆ ವ್ಯಕ್ತಿಯ ಮೂಗು, ಹುಬ್ಬು, ಹೊಟ್ಟೆಯಂಥದ್ದನ್ನು ಬೇಕೆಂದೇ ದೊಡ್ಡದು ಮಾಡಿ ಬರೆದ ಚಿತ್ರ.

1. ಅಡಿಬರಹ ಮುಚ್ಚಿ, ಚಿತ್ರ ಮಾತ್ರ ನೋಡಿ

ಕೆಳಗಿನ ಸಾಲಿನ ಮೇಲೆ ಹಾಳೆ ಇಡಿ. ಕಣ್ಣಿಗೆ ಕಂಡದ್ದನ್ನು ಮಾತ್ರ ಬರೆಯಿರಿ. ಅರ್ಥ ಬೇಡ, ಅಭಿಪ್ರಾಯ ಬೇಡ. "ಮೇಜಿನ ಎರಡು ಕಡೆ ಇಬ್ಬರು. ಒಂದೊಂದು ಕೈ ಹಿಡಿದು ಬಗ್ಗಿಸುತ್ತಿದ್ದಾರೆ. ಇನ್ನೊಂದು ಕೈಯ ಬೆರಳು ಗುಂಡಿಯ ಮೇಲಿದೆ. ಬೆವರು ಹಾರುತ್ತಿದೆ." ಇಷ್ಟೇ.

ಇಲ್ಲಿ ಜನ ಎಡವುವುದು ಆತುರದಿಂದ. ಅಮೆರಿಕದ ಅಧ್ಯಕ್ಷ ಕೆನಡಿ ಮುಖ ಕಂಡ ಕೂಡಲೇ "ಅಮೆರಿಕ ಬಲಶಾಲಿ" ಎಂದು ಬರೆದುಬಿಡುತ್ತಾರೆ. ಚಿತ್ರ ಹಾಗೆ ಹೇಳುತ್ತಿದೆಯೇ? ಯಾರ ಕೈ ಮೇಲಿದೆ? ಗುಂಡಿ ಒತ್ತಿದರೆ ಯಾವ ಬಾಂಬ್ ಸಿಡಿಯುತ್ತದೆ, ತನ್ನ ಕೆಳಗಿನದೋ ಎದುರಿನವನದೋ? ನಾನು ಹೇಳುವುದಿಲ್ಲ, ಚಿತ್ರ ತೆಗೆದು ನೀವೇ ಹುಡುಕಿ.

2. ತಾರೀಖು ಹಿಡಿಯಿರಿ

ಎಲ್ಲಕ್ಕಿಂತ ಮುಖ್ಯವಾದ ಹಂತ ಇದು. ಜನ ಹಾರಿಸಿಬಿಡುವ ಹಂತವೂ ಇದೇ.

ಇಲ್ಲಿಂಗ್‌ವರ್ತ್ ಅವರ ಪಂಜ ಕುಸ್ತಿ ಲಂಡನ್ನಿನ ಡೈಲಿ ಮೇಲ್ ಪತ್ರಿಕೆಯಲ್ಲಿ ಬಂದದ್ದು 1962ರ ಅಕ್ಟೋಬರ್ 29ರಂದು. ಈಗ ಪಕ್ಕದಲ್ಲಿ ಘಟನೆಗಳ ಪಟ್ಟಿ ಇಟ್ಟುಕೊಳ್ಳಿ.

ಅಕ್ಟೋಬರ್ 14: ಅಮೆರಿಕದ ಯು-2 ಬೇಹುಗಾರಿಕೆ ವಿಮಾನ ಕ್ಯೂಬಾದಲ್ಲಿ ಸೋವಿಯತ್ ಕ್ಷಿಪಣಿ ನೆಲೆಗಳ ಫೋಟೋ ತೆಗೆಯಿತು.
ಅಕ್ಟೋಬರ್ 16: ಅಧ್ಯಕ್ಷ ಕೆನಡಿಗೆ ವಿಷಯ ತಿಳಿಯಿತು. ಜನರಿಗೆ ಇನ್ನೂ ಗೊತ್ತಿಲ್ಲ.
ಅಕ್ಟೋಬರ್ 22: ಕೆನಡಿ ಟಿವಿಯಲ್ಲಿ ಮಾತಾಡಿ ಕ್ಯೂಬಾದ ಸುತ್ತ ನೌಕಾಪಡೆಯ ತಡೆ ಹಾಕುವುದಾಗಿ ಹೇಳಿದರು.
ಅಕ್ಟೋಬರ್ 24: ತಡೆ ಜಾರಿಗೆ ಬಂತು.
ಅಕ್ಟೋಬರ್ 27: ಕ್ಯೂಬಾದ ಮೇಲೆ ಒಂದು ಯು-2 ವಿಮಾನವನ್ನು ಹೊಡೆದುರುಳಿಸಲಾಯಿತು. ಪೈಲಟ್ ಸತ್ತರು.
ಅಕ್ಟೋಬರ್ 28, ಭಾನುವಾರ: ಕ್ಷಿಪಣಿ ವಾಪಸ್ ತೆಗೆಯುವುದಾಗಿ ಸೋವಿಯತ್ ನಾಯಕ ಕ್ರುಶ್ಚೇವ್ ರೇಡಿಯೋ ಮೂಲಕ ಹೇಳಿದರು.

ಈಗ ಚಿತ್ರದ ತಾರೀಖು ಮತ್ತೆ ನೋಡಿ. 29, ಸೋಮವಾರ. ಅಂದರೆ ಅಪಾಯದ ಗಳಿಗೆ ದಾಟಿದ ಮರುದಿನ! "ಬಿಕ್ಕಟ್ಟು ತಾರಕಕ್ಕೇರಿದಾಗ ಬರೆದ ಚಿತ್ರ" ಎಂದು ಎಷ್ಟೋ ಉತ್ತರಪತ್ರಿಕೆಗಳಲ್ಲಿ ಇರುತ್ತದೆ. ಡೈಲಿ ಮೇಲ್ ಓದುಗ ಈ ಚಿತ್ರ ನೋಡುವ ಹೊತ್ತಿಗೆ ಕ್ರುಶ್ಚೇವ್ ಒಪ್ಪಿಕೊಂಡ ಸುದ್ದಿ ಬಂದಿತ್ತು. ಅಷ್ಟಾದರೂ ಇಬ್ಬರೂ ಬಾಂಬ್ ಮೇಲಿಂದ ಎದ್ದಿಲ್ಲ, ಬೆರಳು ಗುಂಡಿಯಿಂದ ತೆಗೆದಿಲ್ಲ. ಚಿತ್ರದ ಮಾತು ಅಲ್ಲಿದೆ: ಒಪ್ಪಂದದ ಸುದ್ದಿ ಬಂದರೂ ಕುಸ್ತಿ ಮುಗಿದಿಲ್ಲ. ತಾರೀಖು ನೋಡದಿದ್ದರೆ ಈ ಅರ್ಥ ಕೈಗೆ ಸಿಗುವುದೇ ಇಲ್ಲ.

ಇನ್ನೊಂದು ಎಚ್ಚರಿಕೆ. ತಾರೀಖು ಹುಡುಕುವಾಗ ಚಿತ್ರ ಅಚ್ಚಾದ ದಿನ ಬೇಕು. ಮುಂದೆ ಯಾವುದೋ ಸಂಕಲನದಲ್ಲಿ ಮರುಮುದ್ರಣವಾದ ವರ್ಷ ಬೇಡ.

3. ಯಾರು ಯಾರು, ಯಾವ ಗುರುತು

ಕ್ರುಶ್ಚೇವ್‌ಗೆ ಬೋಳು ತಲೆ, ಗುಂಡು ದೇಹ. ಕೆನಡಿಗೆ ದಟ್ಟ ಕ್ರಾಪು. ಕ್ಯೂಬಾದ ನಾಯಕ ಕ್ಯಾಸ್ಟ್ರೋಗೆ ಗಡ್ಡ, ಸೇನೆಯ ಟೋಪಿ. ಮುಂದಿನ ಸೋವಿಯತ್ ನಾಯಕರಲ್ಲಿ ಬ್ರೆಜ್ನೆವ್ ಅಂದರೆ ಹುಬ್ಬು. ಗೊರ್ಬಚೆವ್ ಅಂದರೆ ತಲೆಯ ಮೇಲಿನ ಮಚ್ಚೆ. ದೇಶಗಳನ್ನೇ ತೋರಿಸುವಾಗ ನಕ್ಷತ್ರ, ಪಟ್ಟೆಯ ಟೋಪಿ ಹಾಕಿದ ಅಂಕಲ್ ಸ್ಯಾಮ್ ಅಮೆರಿಕ, ಕರಡಿ ಅಥವಾ ಕುಡುಗೋಲು-ಸುತ್ತಿಗೆ ರಷ್ಯಾ. ಇಷ್ಟು ಸುಲಭ.

ಬಾಂಬಿನ ಗುರುತುಗಳು ಮಾತ್ರ ಸ್ವಲ್ಪ ನಿಧಾನವಾಗಿ ನೋಡಬೇಕು, ಯಾಕೆಂದರೆ ಬಾಂಬನ್ನು ಚಿತ್ರಕಾರ ಏನಾಗಿ ಬರೆದಿದ್ದಾನೆ ಎನ್ನುವುದರಲ್ಲೇ ಅವನ ವಾದ ಇರುತ್ತದೆ. ಡೇವಿಡ್ ಲೋ 1945ರ ಆಗಸ್ಟ್ 9ರಂದು, ಅಂದರೆ ಹಿರೋಶಿಮಾ ಆಗಿ ಮೂರೇ ದಿನಕ್ಕೆ, ಲಂಡನ್ನಿನ ಈವನಿಂಗ್ ಸ್ಟ್ಯಾಂಡರ್ಡ್‌ನಲ್ಲಿ ಬರೆದ ಚಿತ್ರ ನೋಡಿ. ವಿಜ್ಞಾನಿಯೊಬ್ಬ ಮಗುವಿಗೆ ಚೆಂಡು ಕೊಡುತ್ತಿದ್ದಾನೆ. ಮಗು ಮನುಕುಲ, ಚೆಂಡು ಅಣುಶಕ್ತಿ. ಇಲ್ಲಿ ಶತ್ರುವೇ ಇಲ್ಲ. ಎರಡು ದೇಶಗಳ ಜಗಳ ಇನ್ನೂ ಚಿತ್ರದೊಳಗೆ ಬಂದಿಲ್ಲ.

ಎರಡು ವರ್ಷ ಬಿಟ್ಟು 1947ಕ್ಕೆ ಬನ್ನಿ. ರೂಬ್ ಗೋಲ್ಡ್‌ಬರ್ಗ್ ದೊಡ್ಡ ಅಣುಬಾಂಬೊಂದನ್ನು ಪ್ರಪಾತದ ಅಂಚಿನಲ್ಲಿ ತೂಗುಹಾಕಿದ. ಬಾಂಬಿನ ಮೇಲೆ ಒಂದು ಮನೆ, ಒಂದು ಸಂಸಾರ. ಒಂದು ಕಡೆ ಜಗತ್ತಿನ ನಿಯಂತ್ರಣ, ಇನ್ನೊಂದು ಕಡೆ ಜಗತ್ತಿನ ನಾಶ. ಈ ಚಿತ್ರಕ್ಕೆ 1948ರಲ್ಲಿ ಅಮೆರಿಕದ ಪುಲಿಟ್ಜರ್ ಪ್ರಶಸ್ತಿ ಬಂತು. ಆ ಹೊತ್ತಿಗೆ ಅಣುಬಾಂಬ್ ಇದ್ದದ್ದು ಅಮೆರಿಕದ ಹತ್ತಿರ ಮಾತ್ರ. ಸೋವಿಯತ್ ಒಕ್ಕೂಟ ಮೊದಲ ಪರೀಕ್ಷೆ ಮಾಡಿದ್ದು 1949ರಲ್ಲಿ. ಹಾಗಾಗಿ ಗೋಲ್ಡ್‌ಬರ್ಗ್ ಚಿತ್ರಕ್ಕೆ "ಎರಡು ದೇಶಗಳ ಬಾಂಬ್ ಪೈಪೋಟಿ" ಎಂದು ಬರೆದರೆ ತಪ್ಪಾಗುತ್ತದೆ. ಹರ್ಬ್ಲಾಕ್ ಅಂತೂ ಬಾಂಬಿಗೆ ಕೈಕಾಲು, ಮುಖ ಕೊಟ್ಟು ಒಬ್ಬ ಪುಂಡನನ್ನೇ ಮಾಡಿದ. ಅದರ ಹೆಸರು ಮಿಸ್ಟರ್ ಆಟಮ್.

ಇಲ್ಲಿ ಮೂರು ಹಳ್ಳಗಳಿವೆ, ಬೀಳಬೇಡಿ.

*ಕೆಂಪು ಟೆಲಿಫೋನ್.* ನಾಯಕರಿಬ್ಬರು ಕೆಂಪು ಫೋನಿನಲ್ಲಿ ಮಾತಾಡುವ ಚಿತ್ರಗಳು ಬೇಕಾದಷ್ಟಿವೆ. 1963ರಲ್ಲಿ ವಾಷಿಂಗ್ಟನ್ ಮತ್ತು ಮಾಸ್ಕೋ ನಡುವೆ ಶುರುವಾದ ಹಾಟ್‌ಲೈನ್ ಫೋನ್ ಆಗಿರಲಿಲ್ಲ, ಟೆಲಿಪ್ರಿಂಟರ್. ಬೆರಳಚ್ಚು ಮಾಡಿದ ಸಂದೇಶ ಹೋಗುತ್ತಿತ್ತು. ಫೋನ್ ಚಿತ್ರಕಾರರ ಅನುಕೂಲ. ಉತ್ತರದಲ್ಲಿ ಅದನ್ನು ಇತಿಹಾಸ ಎಂದು ಬರೆಯಬೇಡಿ.

*ಮಧ್ಯರಾತ್ರಿಗೆ ಹತ್ತಿರವಿರುವ ಗಡಿಯಾರ.* ಇದು ಬುಲೆಟಿನ್ ಆಫ್ ದಿ ಅಟಾಮಿಕ್ ಸೈಂಟಿಸ್ಟ್ಸ್ ಪತ್ರಿಕೆ 1947ರಲ್ಲಿ ಶುರುಮಾಡಿದ ಡೂಮ್ಸ್‌ಡೇ ಕ್ಲಾಕ್. ಅಪಾಯ ಎಷ್ಟು ಹತ್ತಿರವಿದೆ ಎಂದು ತೋರಿಸುವ ಸಾಂಕೇತಿಕ ಗಡಿಯಾರ. ಕ್ಯೂಬಾ ಬಿಕ್ಕಟ್ಟಿನಲ್ಲಿ ಇದರ ಮುಳ್ಳು ಹಿಂದೆ ಮುಂದೆ ಆಗಲೇ ಇಲ್ಲ. ಆ ದಿನಗಳು ಬೇಗ ಮುಗಿದುಹೋದವು, ಮುಳ್ಳು ತಿರುಗಿಸಲು ಪುರುಸೊತ್ತೇ ಸಿಗಲಿಲ್ಲ.

*ವೃತ್ತದೊಳಗಿನ ಶಾಂತಿ ಚಿಹ್ನೆ.* 1958ರಲ್ಲಿ ಬ್ರಿಟನ್ನಿನ ಜೆರಾಲ್ಡ್ ಹೋಲ್ಟಮ್ ಇದನ್ನು ಅಣ್ವಸ್ತ್ರ ವಿರೋಧಿ ಚಳವಳಿಗೆಂದೇ ಬರೆದದ್ದು. ಅದಕ್ಕೂ ಹಿಂದಿನ ಚಿತ್ರದಲ್ಲಿ ಈ ಚಿಹ್ನೆ ಕಂಡರೆ ಯಾರೋ ನಂತರ ಸೇರಿಸಿದ್ದಾರೆ ಎಂದೇ ಲೆಕ್ಕ.

4. ಗಾತ್ರ, ಎತ್ತರ, ಮುಖಭಾವ

ಯಾರು ದೊಡ್ಡವರು, ಯಾರು ಸಣ್ಣವರು? ಯಾರು ಕೂತಿದ್ದಾರೆ, ಯಾರು ಓಡುತ್ತಿದ್ದಾರೆ? 1962ರ ಅಕ್ಟೋಬರ್ 30ರಂದು ಅಮೆರಿಕದ ಎಡ್ಮಂಡ್ ವಾಲ್ಟ್‌ಮನ್ ಬರೆದ ಚಿತ್ರದಲ್ಲಿ ಕ್ರುಶ್ಚೇವ್ ಹಲ್ಲಿನ ಡಾಕ್ಟರ್. ಕ್ಯಾಸ್ಟ್ರೋ ಬಾಯಲ್ಲಿರುವ ಹಲ್ಲುಗಳೆಲ್ಲ ಕ್ಷಿಪಣಿ. ಡಾಕ್ಟರ್ ಇಕ್ಕಳ ಹಿಡಿದು ಕೀಳುತ್ತಿದ್ದಾರೆ. ಕ್ಯಾಸ್ಟ್ರೋಗೆ ಇಲ್ಲಿ ಮಾತಿಲ್ಲ, ಬಾಯಿ ತೆರೆದು ಕೂತಿರುವುದಷ್ಟೇ ಕೆಲಸ. ನಿಜವಾಗಿ ನಡೆದದ್ದೂ ಹಾಗೇ. ಕ್ಷಿಪಣಿ ತೆಗೆಯುವ ನಿರ್ಧಾರ ಮಾಡುವಾಗ ಕ್ರುಶ್ಚೇವ್ ಕ್ಯಾಸ್ಟ್ರೋನನ್ನು ಕೇಳಲಿಲ್ಲ, ಕ್ಯಾಸ್ಟ್ರೋ ಸಿಟ್ಟಾದ. ನನಗೆ ಆ ವಾರದ ಚಿತ್ರಗಳಲ್ಲಿ ಇದೇ ಹೆಚ್ಚು ಚುರುಕು ಅನ್ನಿಸುತ್ತದೆ. ಒಂದು ಕುರ್ಚಿ, ಒಂದು ಇಕ್ಕಳದಲ್ಲಿ ಮೂರು ದೇಶಗಳ ಲೆಕ್ಕ ಬಂದುಬಿಟ್ಟಿದೆ. ಮೂರನೇ ದೇಶ ಚಿತ್ರದಲ್ಲೇ ಇಲ್ಲ, ಗಮನಿಸಿದಿರಾ?

ಚಿತ್ರದಲ್ಲಿ ಇಲ್ಲದವರನ್ನೂ ಪಟ್ಟಿ ಮಾಡಿ. ಇದಕ್ಕೆ ಅಂಕ ಕೊಡುವವರು ಕಡಿಮೆ ಇರಬಹುದು. ಆದರೂ ಮಾಡಿ.

5. ಈಗ ಅಡಿಬರಹ ಓದಿ

ಮಾತು ಯಾರ ಬಾಯಿಂದ ಬರುತ್ತಿದೆ ಎಂದು ಮೊದಲು ನೋಡಿ. 1962ರ ನವೆಂಬರ್ 1ರಂದು ಹರ್ಬ್ಲಾಕ್ ವಾಷಿಂಗ್ಟನ್ ಪೋಸ್ಟ್‌ನಲ್ಲಿ ಬರೆದ ಚಿತ್ರ ಒಳ್ಳೆಯ ಅಭ್ಯಾಸ. ಒಂದು ಪೆಟ್ಟಿಗೆ. ಒಳಗಿಂದ ರಾಕ್ಷಸ ಹೊರಬರಲು ನೋಡುತ್ತಿದ್ದಾನೆ. ಅವನ ಹೆಸರು ಅಣುಯುದ್ಧ. ಕೆನಡಿ, ಕ್ರುಶ್ಚೇವ್ ಇಬ್ಬರೂ ಸೇರಿ ಮುಚ್ಚಳ ಅದುಮುತ್ತಿದ್ದಾರೆ. ಅಡಿಬರಹದ ಅರ್ಥ: "ಇದಕ್ಕೊಂದು ಬೀಗ ತರೋಣ." ಹೇಳಿದವರು ಯಾರು? ಇಬ್ಬರಲ್ಲಿ ಯಾರಾದರೂ ಹೇಳಿರಬಹುದು. ಹರ್ಬ್ಲಾಕ್‌ಗೆ ಬೇಕಾದದ್ದೂ ಅದೇ.

ಒಂದು ಅಪಾಯ ಇಲ್ಲಿದೆ. ಹಳೆಯ ಚಿತ್ರಕ್ಕೆ ಹೊಸ ಅಡಿಬರಹ ಅಂಟಿಸಿ ಹಂಚುವುದು ಈಗ ಬಹಳ ನಡೆಯುತ್ತಿದೆ. ಅಕ್ಷರದ ಶೈಲಿ ಚಿತ್ರದ ಕಾಲಕ್ಕೆ ಹೊಂದದಿದ್ದರೆ, ಕಾಗದದ ಬಣ್ಣಕ್ಕಿಂತ ಸಾಲಿನ ಹಿನ್ನೆಲೆ ಬೆಳ್ಳಗಿದ್ದರೆ, ಮೂಲ ಸಂಗ್ರಹದಲ್ಲಿ ಹುಡುಕಿ ನೋಡದೆ ಬಳಸಬೇಡಿ.

6. ಯಾರ ಪತ್ರಿಕೆ?

ಒಂದೇ ಘಟನೆಯನ್ನು ಮೂರು ಕಡೆಯಿಂದ ನೋಡಿ. ಎರಡು ಚಿತ್ರ ಅಕ್ಕಪಕ್ಕ ಇಟ್ಟರೆ, ಒಂದನ್ನೇ ಗಂಟೆಗಟ್ಟಲೆ ನೋಡುವುದಕ್ಕಿಂತ ಬೇಗ ವಿಷಯ ಗೊತ್ತಾಗುತ್ತದೆ.

ಅಮೆರಿಕದ ಚಿತ್ರಗಳಲ್ಲಿ ಬಿಕ್ಕಟ್ಟು ಕ್ಯೂಬಾದಿಂದ ಶುರುವಾಗುತ್ತದೆ. ಕ್ಯೂಬಾ ಫ್ಲಾರಿಡಾದಿಂದ ಸುಮಾರು 145 ಕಿ.ಮೀ. ದೂರ, ಹಾಗಾಗಿ ಅದು ಸಹಜ. ಬ್ರಿಟನ್ನಿನಲ್ಲಿ ವಿಕ್ಕಿ ಎಂಬ ಹೆಸರಿನ ವಿಕ್ಟರ್ ವೈಸ್ ಅಕ್ಟೋಬರ್ 24ರಂದೇ ಈವನಿಂಗ್ ಸ್ಟ್ಯಾಂಡರ್ಡ್‌ನಲ್ಲಿ ಬೇರೆ ಮಾತು ಹೇಳಿದ. ಅವನ ಚಿತ್ರದಲ್ಲಿ ನಾಯಕರಿಬ್ಬರೂ ಒಂದೇ ದೂರು ಹೇಳುತ್ತಾರೆ: ನನ್ನ ಮನೆ ಬಾಗಿಲಲ್ಲಿ ನಿನ್ನ ರಾಕೆಟ್ ಇರುವುದನ್ನು ಸಹಿಸಲಾರೆ. ಒಬ್ಬನಿಗೆ ಕ್ಯೂಬಾ, ಇನ್ನೊಬ್ಬನಿಗೆ ಟರ್ಕಿ. ಅಮೆರಿಕದ ಜುಪಿಟರ್ ಕ್ಷಿಪಣಿಗಳು ಟರ್ಕಿಯಲ್ಲಿದ್ದವು.

ಇಲ್ಲಿ ತುಂಬಾ ಜನ ಎರಡು ವಿಷಯ ಕಲಸಿಬಿಡುತ್ತಾರೆ. ಟರ್ಕಿಯಲ್ಲಿ ಕ್ಷಿಪಣಿ *ಇದ್ದದ್ದು* ಗುಟ್ಟಾಗಿರಲಿಲ್ಲ, ವಿಕ್ಕಿಯ ಚಿತ್ರವೇ ಸಾಕ್ಷಿ. ಗುಟ್ಟಾಗಿದ್ದದ್ದು ಅವುಗಳನ್ನು ತೆಗೆಯುತ್ತೇವೆ ಎಂದು ಕೆನಡಿ ಕಡೆಯವರು ಕೊಟ್ಟ *ಮಾತು*. ಅದು ವರ್ಷಗಟ್ಟಲೆ ಜನರಿಗೆ ತಿಳಿಯಲಿಲ್ಲ. ಆದ್ದರಿಂದ 1962ರ ಅಮೆರಿಕನ್ ಚಿತ್ರದಲ್ಲಿ ಕೆನಡಿ ಗೆದ್ದಂತೆ ಕಂಡರೆ "ಚಿತ್ರಕಾರ ಸುಳ್ಳು ಹೇಳಿದ" ಎನ್ನಬೇಡಿ. ಅವನಿಗೆ ಗೊತ್ತಿದ್ದದ್ದು ಅಷ್ಟೇ.

ಸೋವಿಯತ್ ಕಡೆ ಹುಡುಕುವವರು ಕ್ರೊಕೊಡಿಲ್ ಪತ್ರಿಕೆಯಿಂದ ಶುರುಮಾಡಿ. 1922ರಲ್ಲಿ ಶುರುವಾದ ವ್ಯಂಗ್ಯ ಪತ್ರಿಕೆ ಅದು. ಬೊರಿಸ್ ಯೆಫಿಮೊವ್ ಮತ್ತು ಕುಕ್ರಿನಿಕ್ಸಿ ಎಂದು ಸಹಿ ಹಾಕುತ್ತಿದ್ದ ಮೂವರು ಚಿತ್ರಕಾರರ ತಂಡ ಅಲ್ಲಿನ ದೊಡ್ಡ ಹೆಸರುಗಳು. ಅವರ ಚಿತ್ರಗಳಲ್ಲಿ ಬಾಂಬ್ ಸಾಮಾನ್ಯವಾಗಿ ಅಂಕಲ್ ಸ್ಯಾಮ್ ಕೈಯಲ್ಲೋ, ಹಣದ ಚೀಲ ಹಿಡಿದ ಧಣಿಯ ಕೈಯಲ್ಲೋ ಇರುತ್ತದೆ. ತಮ್ಮ ಕಡೆಯ ಕೈಯಲ್ಲಿ ಪಾರಿವಾಳ. ಪತ್ರಿಕೆ ಸರ್ಕಾರದ ಹಿಡಿತದಲ್ಲಿತ್ತು, ತಮ್ಮ ನಾಯಕನನ್ನು ಗೇಲಿ ಮಾಡುವಂತಿರಲಿಲ್ಲ. ಹಾಗಂತ ಇದನ್ನು "ಬರೀ ಪ್ರಚಾರ", ಅಮೆರಿಕದ್ದನ್ನು "ಸತ್ಯ" ಎಂದು ವಿಂಗಡಿಸಿ ಕೂರಬೇಡಿ. ಎರಡಕ್ಕೂ ಒಂದೇ ಪ್ರಶ್ನೆ ಕೇಳಿ: ಈ ಓದುಗನಿಗೆ ಯಾರ ಬಗ್ಗೆ ಹೆದರಿಕೆ ಹುಟ್ಟಿಸಲು ಹೊರಟಿದೆ?

ನಮ್ಮ ದೇಶದ ಪತ್ರಿಕೆಗಳು ಆಗ ಏನು ಬರೆದವು ಎಂದು ಹುಡುಕುವವರಿಗೆ ಒಂದು ಮಾತು. 1962ರ ಅಕ್ಟೋಬರ್ 20ರಂದು ಚೀನಾ ನಮ್ಮ ಗಡಿಯ ಮೇಲೆ ದಾಳಿ ಮಾಡಿತು. ಯುದ್ಧ ನವೆಂಬರ್ 21ರವರೆಗೆ ನಡೆಯಿತು. ಕ್ಯೂಬಾ ಬಿಕ್ಕಟ್ಟು ಜನರಿಗೆ ತಿಳಿದ ಮೇಲಿನ ದಿನಗಳೆಲ್ಲ ಅದರೊಳಗೇ ಬಂದವು. ಜಗತ್ತು ಕ್ಯೂಬಾ ಕಡೆ ನೋಡುತ್ತಿದ್ದಾಗ ಭಾರತದ ಓದುಗನ ಕಣ್ಣು ಹಿಮಾಲಯದ ಕಡೆಗಿತ್ತು. ಮೈಸೂರಿನ ಆರ್.ಕೆ. ಲಕ್ಷ್ಮಣ್ ಆಗ ಟೈಮ್ಸ್ ಆಫ್ ಇಂಡಿಯಾದಲ್ಲಿದ್ದರು. ವ್ಯಂಗ್ಯಚಿತ್ರಕಾರ ಶಂಕರ್ ತಮ್ಮ ಪತ್ರಿಕೆ ಶಂಕರ್ಸ್ ವೀಕ್ಲಿ ನಡೆಸುತ್ತಿದ್ದರು. ಇವರ ಆ ವಾರಗಳ ಚಿತ್ರಗಳನ್ನು ತೆಗೆದಾಗ ಪಕ್ಕದಲ್ಲಿ ಎರಡೂ ಘಟನೆಗಳ ದಿನಾಂಕ ಇಟ್ಟುಕೊಳ್ಳಿ. ರಷ್ಯಾ, ಅಮೆರಿಕ ಅಂತ ಕಂಡದ್ದೆಲ್ಲ ಕ್ಯೂಬಾ ವಿಷಯವೇ ಆಗಿರಬೇಕಿಲ್ಲ. ನಮಗೆ ಯಾರು ಸಹಾಯ ಮಾಡುತ್ತಾರೆ ಎಂಬ ಪ್ರಶ್ನೆಯೂ ಆಗಿರಬಹುದು.

7. ಚಿತ್ರಕಾರನಿಗೆ ಗೊತ್ತಿರದಿದ್ದದ್ದನ್ನು ಬೇರೆ ಬರೆಯಿರಿ

ಹಾಳೆಯ ಮಧ್ಯೆ ಗೆರೆ ಎಳೆಯಿರಿ. ಎಡಕ್ಕೆ "ಆ ದಿನ ಓದುಗನಿಗೆ ಗೊತ್ತಿದ್ದದ್ದು", ಬಲಕ್ಕೆ "ನಮಗೆ ಆಮೇಲೆ ಗೊತ್ತಾದದ್ದು". ಟರ್ಕಿಯ ಗುಟ್ಟಿನ ಮಾತು ಬಲಕ್ಕೆ ಹೋಗುತ್ತದೆ. ಅಕ್ಟೋಬರ್ 27ರಂದು ಕ್ಯೂಬಾ ಹತ್ತಿರದ ಸಮುದ್ರದಲ್ಲಿ ಅಣ್ವಸ್ತ್ರದ ಟಾರ್ಪಿಡೊ ಇದ್ದ ಸೋವಿಯತ್ ಜಲಾಂತರ್ಗಾಮಿಯನ್ನು ಅಮೆರಿಕದ ಹಡಗುಗಳು ಮೇಲೆ ಬರುವಂತೆ ಒತ್ತಾಯಿಸಿದ ಕಥೆಯೂ ಬಲಕ್ಕೇ. ಅದರೊಳಗೆ ಅಂಥ ಟಾರ್ಪಿಡೊ ಇತ್ತು ಎಂದು ಹೊರಗಿನವರಿಗೆ ತಿಳಿಯಲು ದಶಕಗಳೇ ಬೇಕಾದವು. 1963ರ ಹಾಟ್‌ಲೈನ್, ಅದೇ ವರ್ಷ ಆಗಸ್ಟ್ 5ರಂದು ಮಾಸ್ಕೋದಲ್ಲಿ ಸಹಿಯಾದ ಭಾಗಶಃ ಅಣುಪರೀಕ್ಷೆ ನಿಷೇಧ ಒಪ್ಪಂದ, ಇವೂ ಬಲಕ್ಕೆ.

ಎಡಗಡೆಯದನ್ನು ಮಾತ್ರ ಬಳಸಿ ಚಿತ್ರದ ಅರ್ಥ ಹೇಳಿ. ಬಲಗಡೆಯದು ಬೇಕಾದರೆ "ಮುಂದೆ ತಿಳಿದುಬಂದಂತೆ" ಎಂದು ಸೇರಿಸಿ.

8. ಉತ್ತರ ಬರೆಯಿರಿ

ಹರ್ಬ್ಲಾಕ್ ಚಿತ್ರಕ್ಕೆ ನಾನಾದರೆ ಹೀಗೆ ಬರೆಯುತ್ತೇನೆ:

"ಕ್ರುಶ್ಚೇವ್ ಕ್ಷಿಪಣಿ ವಾಪಸ್ ತೆಗೆಯಲು ಒಪ್ಪಿದ ನಾಲ್ಕನೇ ದಿನ, 1962ರ ನವೆಂಬರ್ 1ರಂದು ವಾಷಿಂಗ್ಟನ್ ಪೋಸ್ಟ್‌ನಲ್ಲಿ ಬಂದ ಚಿತ್ರ. ಅಣುಯುದ್ಧ ಪೆಟ್ಟಿಗೆಯೊಳಗಿನ ರಾಕ್ಷಸ. ಕೆನಡಿ, ಕ್ರುಶ್ಚೇವ್ ಎದುರುಬದುರು ನಿಂತಿಲ್ಲ, ಒಟ್ಟಾಗಿ ಮುಚ್ಚಳ ಅದುಮುತ್ತಿದ್ದಾರೆ. ಅಮೆರಿಕದ ಪತ್ರಿಕೆಯೊಂದು ಸೋವಿಯತ್ ನಾಯಕನನ್ನು ಜೊತೆಗಾರನಂತೆ ತೋರಿಸಿರುವುದು ಗಮನಿಸಬೇಕಾದ್ದು. ಚಿತ್ರ ಗೆಲುವನ್ನು ಸಂಭ್ರಮಿಸುತ್ತಿಲ್ಲ. ಈ ಸಲ ಕೈಯಿಂದ ಅದುಮಿದ್ದಾಯಿತು, ಮುಂದಿನ ಸಲಕ್ಕೆ ಬೀಗ, ಅಂದರೆ ಒಪ್ಪಂದ ಬೇಕು ಎಂದು ಕೇಳುತ್ತಿದೆ. ರಾಕ್ಷಸ ಪೆಟ್ಟಿಗೆಯೊಳಗೆ ಹೇಗೆ ಬಂದ, ಯಾರು ಇಟ್ಟರು ಎಂಬುದನ್ನು ಮಾತ್ರ ಚಿತ್ರ ಕೇಳುವುದಿಲ್ಲ."

ಕೊನೆಯ ವಾಕ್ಯ ಕಡ್ಡಾಯ ಅಲ್ಲ. ಆದರೆ ಚಿತ್ರ ಏನನ್ನು ಬಿಟ್ಟಿದೆ ಎಂದು ಹೇಳುವ ಒಂದು ಸಾಲು ಇದ್ದರೆ, ಓದಿದವರಿಗೆ ನೀವು ನಿಜವಾಗಿ ನೋಡಿದ್ದೀರಿ ಎಂದು ಗೊತ್ತಾಗುತ್ತದೆ.

9. ಬೇರೆ ಕಾಲಕ್ಕೆ ಹೋದಾಗ

ಇದೇ ಹಂತಗಳು 1980ರ ದಶಕದ ಚಿತ್ರಗಳಿಗೂ ನಡೆಯುತ್ತವೆ. ದಿನಾಂಕದ ಪಟ್ಟಿ ಮಾತ್ರ ಬದಲಾಗುತ್ತದೆ. ಅಮೆರಿಕದ ಅಧ್ಯಕ್ಷ ರೇಗನ್ ಅಂತರಿಕ್ಷದಲ್ಲಿ ಕೊಡೆ, ಗುರಾಣಿ ಹಿಡಿದಿದ್ದರೆ 1983ರ ಮಾರ್ಚ್ 23ರ ಭಾಷಣದ ನಂತರದ್ದು ಎಂದು ಊಹಿಸಿ. ಕ್ಷಿಪಣಿಯನ್ನು ಆಕಾಶದಲ್ಲೇ ತಡೆಯುವ ಯೋಜನೆಯನ್ನು ಅವರು ಹೇಳಿದ್ದು ಅಂದೇ. ರೇಗನ್, ಗೊರ್ಬಚೆವ್ ಒಟ್ಟಿಗೆ ಕ್ಷಿಪಣಿ ಮುರಿಯುತ್ತಿದ್ದರೆ 1987ರ ಡಿಸೆಂಬರ್ 8ರ ಐಎನ್‌ಎಫ್ ಒಪ್ಪಂದದ ಆಸುಪಾಸು ನೋಡಿ. ಮಧ್ಯಮ ದೂರದ ಕ್ಷಿಪಣಿಗಳನ್ನು ಪೂರ್ತಿ ತೆಗೆದುಹಾಕಲು ಇಬ್ಬರೂ ಸಹಿ ಹಾಕಿದ್ದು ಆ ದಿನ.

1974ರ ಮೇ 18 ಮತ್ತು 1998ರ ಮೇ ತಿಂಗಳ ಪೋಖ್ರಾನ್ ಪರೀಕ್ಷೆಗಳ ಬಗ್ಗೆ ಬಂದ ಚಿತ್ರಗಳಿಗೆ ಇನ್ನೊಂದು ಎಚ್ಚರಿಕೆ ಬೇಕು. ಅಲ್ಲಿ ಇಬ್ಬರು ದೈತ್ಯರ ಕುಸ್ತಿಯ ಲೆಕ್ಕ ಹೊಂದುವುದಿಲ್ಲ. ಬಾಂಬ್ ಇರುವವರ ಕೂಟ, ಅದರ ಬಾಗಿಲು, ಬಾಗಿಲು ತಟ್ಟುವವನು ಎಂಬ ಗುರುತುಗಳನ್ನು ಹುಡುಕಿ. ಬಾಗಿಲಿನ ಒಳಗಿರುವವರಲ್ಲಿ ಯಾರ ಮುಖ ಸ್ಪಷ್ಟವಾಗಿದೆ, ಹೊರಗಿರುವವನಿಗೆ ಎಂಥ ಬಟ್ಟೆ ತೊಡಿಸಿದ್ದಾರೆ ಎಂದೂ ನೋಡಿ.

ಕೊನೆಗೆ ಬಳಕೆಯ ವಿಷಯ. ಹಳೆಯ ಚಿತ್ರ ಅಂದ ಮಾತ್ರಕ್ಕೆ ಹಕ್ಕುಸ್ವಾಮ್ಯ ಮುಗಿದಿರುವುದಿಲ್ಲ. ಹರ್ಬ್ಲಾಕ್ ತೀರಿಕೊಂಡದ್ದು 2001ರಲ್ಲಿ. ತರಗತಿಯಲ್ಲಿ ತೋರಿಸುವುದು ಬೇರೆ, ಪುಸ್ತಕದಲ್ಲೋ ಪೋಸ್ಟರ್‌ನಲ್ಲೋ ಅಚ್ಚು ಹಾಕುವುದು ಬೇರೆ. ಅಚ್ಚು ಹಾಕುವುದಾದರೆ ಚಿತ್ರ ಇಟ್ಟುಕೊಂಡಿರುವ ಸಂಗ್ರಹದವರನ್ನು ಮೊದಲೇ ಕೇಳಿ. ಹೇಗೇ ಬಳಸಿದರೂ ಚಿತ್ರಕಾರನ ಹೆಸರು, ಪತ್ರಿಕೆ, ಅಚ್ಚಾದ ತಾರೀಖು ಈ ಮೂರನ್ನೂ ಚಿತ್ರದ ಕೆಳಗೆ ಬರೆಯಿರಿ.